ಎರಡು ಎಕರೆಯಲ್ಲಿ ಕುದುರೆಗಾಗಿ ಹುಲ್ಲುಗಾವಲು

ಧಾರವಾಡದಿಂದ ಕಲಘಟಗಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಎರಡು ಎಕರೆ ಹೊಲವಿದೆ. ಮೇಲಿನ ಅರ್ಧ ಮಸಾರಿ (ಕೆಂಪು ನೆಲ), ಸ್ವಲ್ಪ ಇಳಿಜಾರು. ಕೆಳಗಿನ ಅರ್ಧ ಎರಿ (ಕರಿ ನೆಲ). ಸೋಯಾ, ಗೋವಿನಜೋಳ ಬೆಳೆಯುತ್ತಿದ್ದ ಈ ಹೊಲವನ್ನು ಈಗ ಪೂರ್ತಿ ಹುಲ್ಲಿಗೆ ಬಿಟ್ಟಿದ್ದೇವೆ. ಮೇಯುವುದು ಒಂದು ಹೆಣ್ಣು ಕುದುರೆ ಮತ್ತು ಅದರ ಮರಿ. ತಾಯಿಯನ್ನು ಮದುವೆ ಮೆರವಣಿಗೆಯ ಕೆಲಸದಿಂದ ಬಿಡಿಸಿ ತಂದಿದ್ದು. ಊರಲ್ಲಿದ್ದಾಗ ಅದರ ಹೊಟ್ಟೆಗೆ ಬೀಳುತ್ತಿದ್ದದ್ದು ಗೋಧಿ ಬೂಸಾ, ಒಣ ಕಣಿಕಿ (ಜೋಳದ ದಂಟು), ಒಮ್ಮೊಮ್ಮೆ ಕಡಲೆ. ಅದು ನಮ್ಮಲ್ಲಿ ದಿನವಿಡೀ ತಲೆ ಬಗ್ಗಿಸಿ ಮೇಯಬೇಕು ಅನ್ನುವುದೇ ಈ ಕೆಲಸದ ಗುರಿ.

ನಾವು ಹುಲ್ಲು ಹಚ್ಚುತ್ತೇವೆ ಅಂದಾಗ ಪಕ್ಕದ ಹೊಲದ ಕಾಕಾ ಬಂದು ನಿಂತರು.

"ಯಾಕ್ ತಮ್ಮಾ ಇಷ್ಟ್ ತಲಿ ಕೆಡಿಸ್ಕೊಂತಿ? ನೇಪಿಯರ್ ಹಚ್ಚಿ ಬಿಡು. ವರ್ಷಪೂರ್ತಿ ಹಸರ ಇರ್ತೈತಿ."

"ಅದು ಎಮ್ಮಿಗೆ ಸರಿ ಕಾಕಾ. ಕುದರಿಗೆ ಬ್ಯಾಡ್ರಿ."

"ಎಮ್ಮಿಗೆ ಆಗಿದ್ದು ಕುದರಿಗೆ ಯಾಕ ಆಗಂಗಿಲ್ಲ?"

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಕಡೆ ಮೇವಿನ ಬಗ್ಗೆ ಸಿಗುವ ಸಲಹೆಯೆಲ್ಲ ಹೈನುಗಾರಿಕೆಯ ಸಲಹೆ. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲೇ ಇದೆ. ಅಲ್ಲಿಂದ ಬಂದ ಡಿಎಚ್‌ಎನ್-6 ನೇಪಿಯರ್ ತಳಿ ಹಾಲಿನವರಿಗೆ ದೊಡ್ಡ ವರ. ಅದೇ ಹುಲ್ಲನ್ನು ಕುದುರೆಗೆ ತಿಂಗಳುಗಟ್ಟಲೆ ಹಾಕಿದರೆ ಮಾತ್ರ ಕಥೆ ಬೇರೆ. ನಾನು ಹುಲ್ಲು ಆರಿಸಿದ್ದೆಲ್ಲ ಈ ವ್ಯತ್ಯಾಸದ ಮೇಲೆಯೇ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೇಪಿಯರ್, ಸೆಟೇರಿಯಾ, ಗಿನಿ ಹುಲ್ಲು, ಪ್ಯಾರಾ ಹುಲ್ಲು, ಅಂಜನ್ ಹುಲ್ಲು ಇವುಗಳ ಎಲೆಯಲ್ಲಿ ಆಕ್ಸಲೇಟ್ ಅನ್ನುವ ಅಂಶ ಇರುತ್ತದೆ. ಅದು ಹುಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದು ಹಾಕುತ್ತವೆ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಕುದುರೆಗೂ ಅಂಥ ಸೂಕ್ಷ್ಮಜೀವಿಗಳಿವೆ. ಆದರೆ ಅವು ಇರುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದು ಅದಕ್ಕೂ ಮೊದಲು, ಸಣ್ಣ ಕರುಳಿನಲ್ಲಿ. ಅಂದರೆ ಬಿಡುಗಡೆ ಆಗುವ ಹೊತ್ತಿಗೆ ತಡವಾಗಿರುತ್ತದೆ.

ಆಮೇಲೆ ಏನಾಗುತ್ತದೆ? ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಎಲುಬಿನಿಂದ ಕೀಳುತ್ತದೆ. ಮೊದಲು ಮೆತ್ತಗಾಗುವುದು ಮುಖದ ಮತ್ತು ದವಡೆಯ ಎಲುಬು. ಎಲುಬು ಸವೆದ ಜಾಗದಲ್ಲಿ ನಾರು ತುಂಬಿ ಮುಖ ಎರಡೂ ಕಡೆ ಊದುತ್ತದೆ. ಅದಕ್ಕೂ ಮೊದಲು ನಡಿಗೆ ಬದಲಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಇವತ್ತು ಒಂದು ಕಾಲು ಕುಂಟಿದರೆ ನಾಳೆ ಇನ್ನೊಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1970ರ ದಶಕದಲ್ಲಿ ಹಸಿರು ಹುಲ್ಲುಗಾವಲಲ್ಲೇ ಇದ್ದ ಕುದುರೆಗಳಿಗೆ ಹೀಗಾದಾಗ ಕಾರಣ ಹುಡುಕಿದ್ದು ಈ ಹುಲ್ಲುಗಳ ಆಕ್ಸಲೇಟ್‌ನಲ್ಲೇ. ಅದರಲ್ಲಿ ನಮ್ಮ ಅಂಜನ್ ಹುಲ್ಲೂ ಇತ್ತು. ಹಾಲೂಡುವ ತಾಯಿಗೆ ಮತ್ತು ಬೆಳೆಯುವ ಮರಿಗೆ ಅಪಾಯ ಜಾಸ್ತಿ. ನಮ್ಮಲ್ಲಿ ಇರುವುದು ಅವೇ ಎರಡು.

ಅಂಜನ್ ಬಿಡುವುದು ನನಗೆ ಸುಲಭ ಇರಲಿಲ್ಲ. ಮಸಾರಿ ನೆಲಕ್ಕೆ, ಕಡಿಮೆ ಮಳೆಗೆ ಅದರಂಥ ಗಟ್ಟಿ ಹುಲ್ಲು ಇಲ್ಲ. ಬೀಜವೂ ಸಿಗುತ್ತದೆ. ಗದಗದ ಕಡೆ ಬರೀ ಒಣ ನೆಲ ಇರುವವರಿಗೆ ಬೇರೆ ದಾರಿ ಇಲ್ಲದಿದ್ದರೆ, ಅಂಜನ್ ಜೊತೆ ಕ್ಯಾಲ್ಸಿಯಂ ಇರುವ ಬೇಳೆ ಜಾತಿಯ ಮೇವು ಮತ್ತು ವೈದ್ಯರು ಹೇಳಿದಷ್ಟು ಸುಣ್ಣಕಲ್ಲಿನ ಪುಡಿ ಕೊಟ್ಟು ನಡೆಸಬಹುದು. ಸುಣ್ಣಕಲ್ಲಿನ ಪುಡಿ ಅಂದರೆ ಸುಟ್ಟ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ. ನನಗೆ ಆಯ್ಕೆ ಇತ್ತು, ಹಾಗಾಗಿ ಬಿಟ್ಟೆ.

ಹಚ್ಚಿದ್ದು ನಾಲ್ಕು.

ಎರಿ ಭಾಗಕ್ಕೆ ಮಾರ್ವೆಲ್ ಹುಲ್ಲು. ಇದು ನಮ್ಮ ಕರಿ ನೆಲದ್ದೇ ಹುಲ್ಲು, ಎರಿ ಹೊಲದ ಬದುವಿನ ಮೇಲೆ ತಾನಾಗಿ ಬೆಳೆದಿರುತ್ತದೆ. ಗುರುತು ಹಿಡಿಯುವುದು ಸುಲಭ. ಕಾಂಡದ ಗಿಣ್ಣಿನ ಸುತ್ತ ಬಿಳಿ ಕೂದಲಿನ ಉಂಗುರ ಇರುತ್ತದೆ, ತೆನೆ ಕೈಬೆರಳು ಬಿಡಿಸಿದ ಹಾಗೆ ಒಡೆದು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಆಕ್ಸಲೇಟ್ ಕಡಿಮೆ, ದನ, ಕುದುರೆ ಎರಡೂ ಇಷ್ಟಪಟ್ಟು ತಿನ್ನುತ್ತವೆ. ಬೀಜ ಹುಡುಕುತ್ತ ಕೂರಲಿಲ್ಲ. ನಮ್ಮ ಬದುವು ಮತ್ತು ಕಾಕಾನ ಬದುವಿನಿಂದ ಬೇರುಸಹಿತ ಕಿತ್ತು, ತುಂಡು ಮಾಡಿ, ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಒಂದೂವರೆ ಅಡಿ ಅಂತರಕ್ಕೆ ನೆಟ್ಟೆವು. ಆರಿದ್ರಾ ಮಳೆಗೆ ಚಿಗುರಿತು. ಕೆಲಸ ನಿಧಾನ, ಸೊಂಟ ನೋಯುತ್ತದೆ, ಆದರೆ ಒಮ್ಮೆ ಹಿಡಿದ ಮೇಲೆ ಸಾಯುವುದಿಲ್ಲ.

ಮಸಾರಿ ಭಾಗದಲ್ಲಿ ರೋಡ್ಸ್ ಹುಲ್ಲು ಮತ್ತು ಸ್ಟೈಲೋ. ರೋಡ್ಸ್ ಬೀಜ ಹತ್ತಿಯಂತೆ ಹಗುರ, ಕೈಯಿಂದ ಚೆಲ್ಲಿದರೆ ಗಾಳಿಗೆ ಹಾರುತ್ತದೆ. ಒಣ ಮರಳಿಗೆ ಬೆರೆಸಿ ಚೆಲ್ಲಿ, ಮೇಲೆ ಮುಳ್ಳಿನ ಟೊಂಗೆ ಎಳೆದೆ. ಇಂಥ ಬೀಜ ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಮೇಲೆ ಬರುವುದು ಕಷ್ಟ. ಅದಕ್ಕೇ ಕೂರಿಗೆ ಬಳಸಲಿಲ್ಲ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ 4 ನಿಮಿಷ ಅದ್ದಿ ತೆಗೆದು, ರಾತ್ರಿ ತಣ್ಣೀರಿನಲ್ಲಿ ಇಟ್ಟು ಬಿತ್ತಿದೆ. ಸ್ಟೈಲೋ ಬೇಳೆ ಜಾತಿಯದು, ನೆಲಕ್ಕೆ ಸಾರಜನಕ ಕೊಡುತ್ತದೆ, ಮೇವಿಗೆ ಕ್ಯಾಲ್ಸಿಯಂ ತರುತ್ತದೆ. ಮಳೆಗಾಲದಲ್ಲಿ ಹುಲ್ಲು ಎಳೆಯದಾಗಿದ್ದಾಗ ಕುದುರೆಗಳು ಇದನ್ನು ಸುಮ್ನೆ ಮೂಸಿ ಬಿಡುತ್ತವೆ. ಹುಲ್ಲು ಒರಟಾದ ಮೇಲೆ ಹುಡುಕಿಕೊಂಡು ತಿನ್ನುತ್ತವೆ. ಅದೇ ಅನುಕೂಲ.

ಕರಕಿಯನ್ನು (ಗರಿಕೆ) ನಾನು ಹಚ್ಚಲಿಲ್ಲ, ಕೀಳುವುದನ್ನು ನಿಲ್ಲಿಸಿದೆ ಅಷ್ಟೇ. ಜೀವಮಾನವಿಡೀ ಕಳೆ ಅಂತ ಕುರ್ಚಿಗಿಯಿಂದ ಹೆರೆದು ತೆಗೆದ ಹುಲ್ಲು ಅದು. ಕುದುರೆಯ ಹಲ್ಲಿಗೆ ಅದಕ್ಕಿಂತ ಒಳ್ಳೆಯ ಹುಲ್ಲಿಲ್ಲ. ಕುದುರೆಗೆ ಮೇಲೂ ಕೆಳಗೂ ಮುಂದಿನ ಹಲ್ಲಿವೆ, ನೆಲಕ್ಕೆ ಹತ್ತಿ ಕತ್ತರಿಸುತ್ತದೆ. ಎಮ್ಮೆಗೆ ಮೇಲಿನ ಮುಂದಿನ ಹಲ್ಲಿಲ್ಲ, ಅದು ನಾಲಿಗೆಯಿಂದ ಸುತ್ತಿ ಕೀಳುತ್ತದೆ. ಎತ್ತರಕ್ಕೆ ನೇರ ಬೆಳೆಯುವ ಹುಲ್ಲನ್ನು ಕುದುರೆ ಬುಡದವರೆಗೆ ಕತ್ತರಿಸಿ ಸಾಯಿಸಿಬಿಡಬಹುದು. ನೆಲದ ಮೇಲೆ ಹಬ್ಬುವ ಕರಕಿ ಅದನ್ನು ತಡೆದುಕೊಳ್ಳುತ್ತದೆ.

ನಾಲ್ಕನೆಯದು ಬೋರ್‌ವೆಲ್ ಪಕ್ಕದ ಐದು ಗುಂಟೆಯಲ್ಲಿ ಕುದುರೆ ಮಸಾಲೆ, ಅಂದರೆ ಲೂಸರ್ನ್ ಮೇವು. ಇದನ್ನು ಮೇಯಿಸುವುದಿಲ್ಲ, ಕೊಯ್ದು ಬಾಡಿಸಿ ಕೊಡುತ್ತೇವೆ. ನೀರು ನಿಂತರೆ ಇದರ ಬೇರು ಕೊಳೆಯುತ್ತದೆ, ಅದಕ್ಕೇ ಮಳೆ ಮುಗಿದ ಮೇಲೆ ಅಕ್ಟೋಬರ್ ಕೊನೆಗೆ ಏರು ಮಡಿ ಮಾಡಿ ಬಿತ್ತಿದೆವು. ಬೀಜ ಕೊಳ್ಳುವಾಗ ಒಂದು ಎಚ್ಚರ ಬೇಕು. ಬೀಜದಲ್ಲಿ ಅಮರಬಳ್ಳಿಯ ಬೀಜ ಬೆರೆತಿದ್ದರೆ ಆ ಹಳದಿ ಬಳ್ಳಿ ಇಡೀ ಮಡಿಯನ್ನು ಹಾಳು ಮಾಡುತ್ತದೆ. ಕಂಡ ಕೂಡಲೇ ಹಬ್ಬಿದ ಗಿಡದ ಸಮೇತ ಕಿತ್ತು ಸುಡಬೇಕು. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ. ಹೂ ಬರುವ ಮೊದಲೇ ಕೊಯ್ಯುತ್ತೇನೆ. ಹೂವಿಗೆ ಕಪ್ಪು ಮೈಗೆ ಕೇಸರಿ ಪಟ್ಟಿ ಇರುವ ಹುಳ ಬರುತ್ತದೆ. ತೊಗರಿ, ಅಲಸಂದಿ ಹೂವಿನ ಮೇಲೆ ನೀವೂ ನೋಡಿರುತ್ತೀರಿ. ಅದರ ಮೈಯಲ್ಲಿರುವ ವಿಷ ಕುದುರೆಯ ಕರುಳು, ಮೂತ್ರಕೋಶವನ್ನು ಸುಡುತ್ತದೆ. ಹುಳ ಸತ್ತು ಮೇವಿನಲ್ಲಿ ಒಣಗಿದರೂ ವಿಷ ಉಳಿಯುತ್ತದೆ.

ಬೂಸಾದ ಬಗ್ಗೆಯೂ ಇಲ್ಲೇ ಹೇಳಬೇಕು. ಕುದುರೆ ಅಂದರೆ ಬೂಸಾ ಅನ್ನುವ ರೂಢಿ ನಮ್ಮಲ್ಲಿದೆ. ಗೋಧಿ ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹಲವು ಪಟ್ಟು ಜಾಸ್ತಿ. ಕುದುರೆಯ ಒಟ್ಟು ಮೇವಿನಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆ ಆಗಲೇಬಾರದು, ಒಂದೂವರೆ-ಎರಡು ಪಟ್ಟು ಇದ್ದರೆ ಚೆಂದ. ಆಕ್ಸಲೇಟ್ ಹುಲ್ಲಿನ ಮೇಲೆ ಬೂಸಾ ಸುರಿದರೆ ಎರಡೂ ಕಡೆಯಿಂದ ಎಲುಬಿಗೆ ಪೆಟ್ಟು. ನಾವು ಬೂಸಾವನ್ನು ಪೂರ್ತಿ ಬಿಡಿಸಿ, ನೆನೆಸಿ ಬೇಯಿಸಿದ ಹುರುಳಿ ಸ್ವಲ್ಪ ಕೊಡುತ್ತೇವೆ.

ಬೇಲಿ ಮತ್ತು ಬೇಲಿಯ ಗಿಡಗಳು

ಹೊಲದ ಸುತ್ತ ಕಲ್ಲುಕಂಬಕ್ಕೆ ಮುಳ್ಳುತಂತಿ ಇತ್ತು. ಮೊದಲು ಅದನ್ನು ಬಿಚ್ಚಿದೆ. ಕುದುರೆ ಬೆದರಿದರೆ ಓಡುವ ಪ್ರಾಣಿ, ಸಣ್ಣ ತಂತಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎದೆ, ಕಾಲು ಸೀಳಿಕೊಂಡ ಕುದುರೆಗಳನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಅವೇ ಕಂಬಗಳಿಗೆ ಬಿಳಿ ಅಗಲ ಪಟ್ಟಿ ಕಟ್ಟಿ, ಮುಟ್ಟಿದರೆ ಸಣ್ಣ ಶಾಕ್ ಕೊಡುವ ಸೋಲಾರ್ ಝಟ್ಕಾ ಯಂತ್ರ ಜೋಡಿಸಿದೆ. ಮೇಲಿನ ಪಟ್ಟಿ ನಾಲ್ಕೂವರೆ ಅಡಿ ಎತ್ತರಕ್ಕೆ. ಒಳಗೆ ನಾಲ್ಕು ಭಾಗ ಮಾಡಲು ಹಗುರ ಗೂಟ ಸಾಕು, ಬೇಕಾದಾಗ ಕಿತ್ತು ಸರಿಸಬಹುದು.

ಬದುವಿನ ಗಿಡಗಳನ್ನು ಒಂದೊಂದಾಗಿ ನೋಡಿದೆ. ಇಲ್ಲೂ ದನದ ಲೆಕ್ಕ ಕುದುರೆಗೆ ನಡೆಯುವುದಿಲ್ಲ. ಸುಬಾಬುಲ್ ಅನ್ನು ಆಡಿಗೆ, ದನಕ್ಕೆ ಕತ್ತರಿಸಿ ಹಾಕುತ್ತಾರೆ. ಅದರಲ್ಲಿರುವ ಮಿಮೋಸಿನ್ ಅನ್ನು ಒಡೆಯುವ ಸೂಕ್ಷ್ಮಜೀವಿ ಅವುಗಳ ಮೊದಲ ಹೊಟ್ಟೆಯಲ್ಲಿ ಇರಬಹುದು. ಕುದುರೆಗೆ ಆ ಹೊಟ್ಟೆಯೇ ಇಲ್ಲ. ಅದು ತಿಂದರೆ ಕುತ್ತಿಗೆ, ಬಾಲದ ಕೂದಲು ಉದುರುತ್ತವೆ. ಗ್ಲಿರಿಸಿಡಿಯಾ ಕೂಡ ಬೇಡ. ಕಣಗಿಲ, ಔಡಲ, ಲಂಟಾನ ಬೇರುಸಹಿತ ತೆಗೆದೆವು. ಕಣಗಿಲದ ಒಣಗಿದ ಎಲೆಯೂ ಅಪಾಯವೇ, ಹಾಗಾಗಿ ಎಲೆಗಳನ್ನು ಗುಡಿಸಿ ಹೊರಗೆ ಹಾಕಿದ್ದಾಯಿತು. ಸಣಬಿನ ಜಾತಿಯ ಕಾಡುಗಿಡಗಳು, ಒಣಗಿದ ಕಾಯಿ ಗಿಲಿಗಿಲಿ ಅನ್ನುವಂಥವು, ಲಿವರ್ ಕೆಡಿಸುತ್ತವೆ. ಮಸಾರಿ ಭಾಗದಲ್ಲಿ ಅವು ಸಾಕಷ್ಟಿದ್ದವು. ಒಳ್ಳೆಯ ಹುಲ್ಲಿದ್ದರೆ ಕುದುರೆ ಇವನ್ನು ಮುಟ್ಟುವುದಿಲ್ಲ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಒಳ್ಳೆಯ ಹುಲ್ಲು ಎಲ್ಲಿರುತ್ತದೆ, ಅಲ್ವಾ?

ಕಾಂಗ್ರೆಸ್ ಕಸ ಮಾತ್ರ ಮುಗಿಯದ ಕೆಲಸ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೊದಲ ಮಳೆಗೆ ಎದ್ದ ಗಿಡಗಳನ್ನು ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ, ಕೈಗೆ ಚೀಲ ಕಟ್ಟಿಕೊಂಡು ಕೀಳುತ್ತೇವೆ. ಮೈಗೆ ತಾಗಿದರೆ ಕೆರೆತ, ಕೆಲವರಿಗೆ ಉಸಿರಾಟದ ತೊಂದರೆ. ಹುಲ್ಲು ದಟ್ಟವಾದ ಕಡೆ ಈಗ ಕಡಿಮೆಯಾಗಿದೆ. ಬರಿ ನೆಲ ಕಂಡಲ್ಲೆಲ್ಲ ಅದೇ ಮೊದಲು ಬರುತ್ತದೆ.

ಕುದುರೆಗಳನ್ನು ಹೊಲಕ್ಕೆ ಬಿಟ್ಟ ಮೇಲೆ

ಹುಲ್ಲಿಗೆ ಬಿಡುವ ಮೊದಲು ಎರಡು ಬೆರಳಲ್ಲಿ ಹುಲ್ಲು ಹಿಡಿದು ಕುದುರೆ ಎಳೆಯುವ ಹಾಗೆ ಜಗ್ಗಿ ನೋಡುತ್ತೇನೆ. ತುದಿ ಹರಿದರೆ ಸರಿ. ಬೇರು ಕಿತ್ತು ಬಂದರೆ ಆ ಹುಲ್ಲು ಇನ್ನೂ ತಯಾರಿಲ್ಲ. ಮೊದಲ ವರ್ಷ ಮಾರ್ವೆಲ್ ಭಾಗಕ್ಕೆ ಕುದುರೆ ಬಿಡಲೇ ಇಲ್ಲ. ಕುಡಗೋಲಿನಿಂದ ಕೊಯ್ದು ಹಾಕಿದೆವು.

ಒಣ ಮೇವಿಗೆ ಹೊಂದಿಕೊಂಡ ಹೊಟ್ಟೆಗೆ ಒಮ್ಮೆಲೇ ಹಸಿರು ಕೊಟ್ಟರೆ ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆನೋವು ಅದಕ್ಕೆ ಜೀವದ ಪ್ರಶ್ನೆ. ಬೆಳಿಗ್ಗೆ ಒಣ ಹುಲ್ಲು ತಿನ್ನಿಸಿ, ಅರ್ಧ ಗಂಟೆ ಹಸಿರಿಗೆ ಬಿಟ್ಟು, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪ ಸಮಯ ಹೆಚ್ಚಿಸಬೇಕು.

ಹುಲ್ಲು ಒಂದು ಗೇಣು ಬಂದಾಗ ಬಿಡುವುದು, ನಾಲ್ಕು ಬೆರಳಿಗೆ ಇಳಿದಾಗ ಹೊರಗೆ ತರುವುದು. ಮಳೆ ಸರಿಯಾಗಿದ್ದರೆ ಮೇಯ್ದ ಭಾಗ ಮತ್ತೆ ಏಳಲು ಮೂರು-ನಾಲ್ಕು ವಾರ ಬೇಕು. ಹೊರಗೆ ತರುವುದೇ ಇದರಲ್ಲಿ ಕಷ್ಟದ ಭಾಗ. ಕುದುರೆ ಒಂದೇ ಕಡೆ ಪದೇಪದೇ ಮೇಯುತ್ತದೆ, ಇನ್ನೊಂದು ಕಡೆ ಲದ್ದಿ ಹಾಕಿ ಅಲ್ಲಿಯ ಹುಲ್ಲನ್ನು ಮುಟ್ಟುವುದಿಲ್ಲ. ದೂರದಿಂದ ನೋಡಿದರೆ ಹುಲ್ಲು ಇದೆ ಅನಿಸುತ್ತದೆ. ಹತ್ತಿರ ಹೋದರೆ ತಿನ್ನುವ ಜಾಗ ಬೋಳು, ಉಳಿದದ್ದು ಮೊಣಕಾಲೆತ್ತರ. ಬೋಳಾದ ಜಾಗ ನೋಡಿಯೇ ನಿರ್ಧಾರ ಮಾಡಬೇಕು.

ಆಗ ಕುದುರೆ ಎಲ್ಲಿರಬೇಕು? ಮೇಲಿನ ಮೂಲೆಯಲ್ಲಿ ಗರಸು (ಸಣ್ಣ ಕಲ್ಲಿನ ಮಣ್ಣು) ಹಾಕಿದ ಒಂದು ಅಂಗಳ ಮಾಡಿದೆವು. ನೆರಳು, ನೀರು, ಒಣ ಹುಲ್ಲು, ಉಪ್ಪಿನ ಗಡ್ಡೆ ಅಲ್ಲೇ. ಹುಲ್ಲಿಗೆ ವಿಶ್ರಾಂತಿ ಬೇಕಾದಾಗ ಕುದುರೆಗಳು ಅಲ್ಲಿ. ಜಡಿಮಳೆ ಇರುವಾಗಲೂ ಅಲ್ಲೇ, ಯಾಕಂದರೆ ಹಸಿ ಎರಿಯಲ್ಲಿ ಕುದುರೆಯ ಗೊರಸು ಹುಲ್ಲನ್ನು ಬುಡಸಮೇತ ತುಳಿದು ಹೂಳುತ್ತದೆ. ಬೇಸಿಗೆಯಲ್ಲಿ ಎರಿಯದು ಬೇರೆ ತೊಂದರೆ, ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಓಡುವ ಮರಿಯ ಕಾಲು ಅದರೊಳಗೆ ಹೋದರೆ ಮುಗಿಯಿತು. ಮಾರ್ಚ್‌ನಿಂದ ರೋಹಿಣಿ ಮಳೆ ಬರುವವರೆಗೆ ಕೆಳಗಿನ ಭಾಗಕ್ಕೆ ಬಿಡುವುದಿಲ್ಲ. ಇಡೀ ಯೋಜನೆಯಲ್ಲಿ ನಾನು ಮೊದಲು ಮಾಡಿ ಅಂತ ಹೇಳುವುದು ಈ ಗರಸಿನ ಅಂಗಳವನ್ನೇ.

ಪಕ್ಕದ ಜೋಳದ ಹೊಲ ಕೊಯ್ಲಾದ ಮೇಲೆ "ಬಿಡೋ, ಕೂಳಿ ಮೇಯಲಿ" ಅಂತ ಕಾಕಾ ಪ್ರೀತಿಯಿಂದಲೇ ಕರೆದರು. ಬೇಡ ಅಂದೆ. ಎಳೆ ಜೋಳದ ಚಿಗುರಿನಲ್ಲಿ ಸೈನೈಡ್ ವಿಷ ಇರುವುದು ದನ ಸಾಕಿದ ಎಲ್ಲರಿಗೂ ಗೊತ್ತು. ಕುದುರೆಗೆ ಇನ್ನೊಂದು ರೋಗವೂ ಇದೆ. ಹಸಿ ಜೋಳವನ್ನು ವಾರಗಟ್ಟಲೆ ಮೇಯ್ದರೆ ಹಿಂಗಾಲು ತೂರಾಡುತ್ತವೆ, ಮೂತ್ರ ತೊಟ್ಟಿಕ್ಕುತ್ತದೆ. ಬೆನ್ನುಹುರಿಗೆ ಆದ ಪೆಟ್ಟು ಅದು, ಪೂರ್ತಿ ವಾಸಿಯಾಗುವುದು ಅಪರೂಪ. ಚೆನ್ನಾಗಿ ಒಣಗಿದ ಕಣಿಕಿಯ ಮಾತು ಬೇರೆ. ಅದನ್ನು ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಲು ಒಣ ಹುಲ್ಲಿನ ಜೊತೆ ಸ್ವಲ್ಪ ಕೊಡುತ್ತೇವೆ.

ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತುತ್ತೇವೆ. ಹುಳುವಿನ ಮರಿಗಳು ಲದ್ದಿಯಿಂದ ಹುಲ್ಲಿಗೆ ಹತ್ತಿ ಮತ್ತೆ ಕುದುರೆಯ ಹೊಟ್ಟೆಗೆ ಹೋಗುತ್ತವೆ. ಎತ್ತುವುದು ಔಷಧಿಗಿಂತ ಕಡಿಮೆ ಕೆಲಸವೇನೂ ಮಾಡುವುದಿಲ್ಲ. ಮೇ ತಿಂಗಳ ಉರಿಬಿಸಿಲಿನಲ್ಲಿ ಮಾತ್ರ, ಖಾಲಿ ಬಿಟ್ಟ ಭಾಗದಲ್ಲಿ ಉಳಿದ ಲದ್ದಿಯನ್ನು ಕುಂಟೆಯಿಂದ ಹರಡುತ್ತೇನೆ. ಒಣ ಬಿಸಿಲಿಗೆ ಹುಳು ಸಾಯುತ್ತದೆ. ಮಳೆಗಾಲದಲ್ಲಿ ಹರಡಿದರೆ ಹೊಲದ ತುಂಬ ಹುಳು ಬಿತ್ತಿದ ಹಾಗೆ.

ಇದರಲ್ಲಿ ನನಗೆ ಅತಿ ಖುಷಿ ಕೊಟ್ಟ ಜೊತೆ ಕುರಿ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ಹಳೆಯ ಪದ್ಧತಿ. ಕುದುರೆ ಬಿಟ್ಟ ಒರಟು ಹುಲ್ಲನ್ನು ಕುರಿ ತಿನ್ನುತ್ತದೆ. ಕುದುರೆಯನ್ನು ಕಾಡುವ ದೊಡ್ಡ ಹುಳುಗಳು ಕುರಿಯ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ, ಅಲ್ಲೇ ಸಾಯುತ್ತವೆ. ಹುಲ್ಲು ಸಮವಾಗುತ್ತದೆ, ಗೊಬ್ಬರ ಬೀಳುತ್ತದೆ. ಈ ಕುರಿಗಾರರಲ್ಲಿ ಹಲವರು ಸಾಮಾನು ಹೊರಲು ಕುದುರೆ ಇಟ್ಟುಕೊಂಡವರೇ. ಯಾವ ಸೊಪ್ಪು ಕಂಡರೆ ಕುದುರೆಯನ್ನು ಎಳೆದುಕೊಂಡು ಮುಂದೆ ಹೋಗಬೇಕು ಅನ್ನುವುದು ಅವರಿಗೆ ತಲೆಮಾರಿನಿಂದ ಗೊತ್ತು. ಕೂತು ಕೇಳಬೇಕು.

ಎಷ್ಟು ಸಾಕು, ಎಷ್ಟು ಸಾಲದು

ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ದೊಡ್ಡ ಕುದುರೆಯ ತೂಕ ಕಿಲೋದಲ್ಲಿ ಹತ್ತಿರಹತ್ತಿರ ಸಿಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿರಬೇಕು. ನಮ್ಮ ತಾಯಿ ಕುದುರೆ ಸುಮಾರು 300 ಕಿಲೋ. ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ 2ರಷ್ಟು ಒಣ ಮೇವು ತಿನ್ನುತ್ತದೆ, ಅಂದರೆ 6 ಕಿಲೋ. ಹಾಲೂಡುವಾಗ ಇನ್ನೂ ಜಾಸ್ತಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ, ಹಾಗಾಗಿ ಹಸಿಯಲ್ಲಿ ಅದು 24 ಕಿಲೋ ದಾಟುತ್ತದೆ. ವರ್ಷದ ಲೆಕ್ಕ ಒಂದಕ್ಕೇ 2 ಟನ್ ಮೀರಿ ಒಣ ಮೇವು. ಮಳೆ ನಂಬಿದ ಎರಡು ಎಕರೆ ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ಮೇಯಿಸುತ್ತದೆ, ಆಮೇಲೆ ಕೂಡಿಟ್ಟದ್ದೇ ಗತಿ. ಅದಕ್ಕೇ ಒಂದು ಭಾಗವನ್ನು ಆಗಸ್ಟ್‌ನಿಂದ ಮೇಯಿಸದೆ ಬಿಟ್ಟು, ತೆನೆ ಇಣುಕುವ ಹೊತ್ತಿಗೆ ಅಕ್ಟೋಬರ್ ಬಿಸಿಲಲ್ಲಿ ಕೊಯ್ದು ಒಣಗಿಸಿ ಬಣವೆ ಹಾಕುತ್ತೇವೆ. ಮಳೆಗೆ ಸಿಕ್ಕಿ ಬೂಸಲು ಹಿಡಿದ ಹುಲ್ಲು ದನದ ಕಾಲಿಗೆ ಹಾಸಲು ಹೋಗುತ್ತದೆ, ಕುದುರೆಯ ಮುಂದೆ ಇಡುವುದಿಲ್ಲ. ಕೆಮ್ಮು, ಹೊಟ್ಟೆನೋವು ಎರಡಕ್ಕೂ ಅದೇ ಮೂಲ.

ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿ ಇದೆ ಅಂತ ಬಂದರೂ ನಾನು ನೆಮ್ಮದಿಯಾಗಿ ಕೂರುವುದಿಲ್ಲ. ಎಲುಬಿನಿಂದ ಕಿತ್ತಾದರೂ ದೇಹ ರಕ್ತದ ಲೆಕ್ಕ ಸರಿ ಇಡುತ್ತದೆ. ಮುಖದ ಎಲುಬನ್ನು ಎರಡೂ ಕೈಯಿಂದ ಸವರಿ ನೋಡುವುದು, ಗಟ್ಟಿ ನೆಲದಲ್ಲಿ ನಡೆಸಿ ಹೆಜ್ಜೆ ನೋಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದೇನೆ. ಮರಿ ಈಗ ತಾಯಿಯ ಎತ್ತರಕ್ಕೆ ಬರುತ್ತಿದೆ, ಎಲುಬು ಗಟ್ಟಿ ಇದೆ.

ಮುಂದಿನ ಮಿರಗಕ್ಕೆ ಮಸಾರಿಯಲ್ಲಿ ರೋಡ್ಸ್ ತೆಳುವಾದ ಕಡೆ ಕರಕಿ ಬೇರು ಊರುವುದಿದೆ, ಸ್ಟೈಲೋ ಮತ್ತೆ ಚೆಲ್ಲಬೇಕು. ಮಾರ್ವೆಲ್ ಬುಡಗಳು ದಪ್ಪವಾಗಿವೆ, ಬಿಡಿಸಿ ನೆಡುವ ಕಾಲ ಬಂದಿದೆ. ಕಾಕಾ ತಮ್ಮ ಎರಿ ಬದುವಿಗೆ ಬೇಕು ಅಂತ ಆಗಲೇ ಕೇಳಿದ್ದಾರೆ. ಧಾರವಾಡ ಸುತ್ತಮುತ್ತ ಕುದುರೆ ಸಾಕಿದವರು ಯಾರಾದರೂ ಇದ್ದರೆ ಒಂದು ಒಳ್ಳೆ ಮಳೆ ಬಿದ್ದ ಮಾರನೇ ದಿನ ಗೋಣಿಚೀಲ ತನ್ನಿ. ಬೇರುಸಹಿತ ಕಿತ್ತು ಕೊಡುತ್ತೇನೆ, ಅದೇ ದಿನ ನೆಟ್ಟುಬಿಡಿ.